ಇನ್ನೂ ಊದದ ಕಹಳೆ

ಮಗು ಕೊಸರಾಡುತ್ತಿದೆ. ಮೈಮೇಲೆ ಚಿಂದಿ ಬಟ್ಟೆಯೂ ಇಲ್ಲ. ಅದನ್ನು ಮೈಗೆ ಒತ್ತಿ ಹಿಡಿದ ಗಂಡಸು ಬೆನ್ನು ಬಾಗಿಸಿ, ಉಸಿರು ಬಿಗಿಹಿಡಿದು, ಆ ಪುಟ್ಟ ತೋಳನ್ನೇ ನೋಡುತ್ತಿದ್ದಾನೆ. ಕೈಯಲ್ಲೊಂದು ಚೂಪಾದ ಸಣ್ಣ ಕತ್ತಿ. ಇನ್ನೇನು ಚರ್ಮಕ್ಕೆ ತಾಗಬೇಕು. ತಾಗಿಲ್ಲ.

ರೋಮಿನ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಲ್ಲಿ ಈ ಶಿಲ್ಪದೆದುರು ನಾನೂ ಮಗಳೂ ಎಷ್ಟು ಹೊತ್ತು ನಿಂತಿದ್ದೆವೋ ಲೆಕ್ಕವಿಲ್ಲ. ಅವಳು ಇಟಲಿಯಲ್ಲೇ ಓದುತ್ತಿದ್ದಾಳೆ. ರಜೆಯಲ್ಲಿ ಅಪ್ಪನಿಗೆ ಊರು ತೋರಿಸಲು ಬಂದಿದ್ದಳು. ಗೋಡೆಯ ಫಲಕ ಓದಿ ಹೇಳಿದಳು: "ಎಡ್ವರ್ಡ್ ಜೆನ್ನರ್, ಅಪ್ಪ. ತನ್ನ ಮಗನಿಗೇ ಸಿಡುಬಿನ ಲಸಿಕೆ ಹಾಕ್ತಿರೋದು. 1873ರದ್ದು. ಮಾಡಿದವನ ಹೆಸರು ಜೂಲಿಯೊ ಮೊಂತೆವೆರ್ದೆ." ಆಮೇಲೆ ಏನೋ ನೆನಪಾದವಳಂತೆ ನನ್ನ ಅಂಗಿಯ ತೋಳನ್ನು ಮೇಲಕ್ಕೆ ಸರಿಸಿ ಕೇಳಿದಳು: "ನಿನ್ನ ಈ ಕಲೆ ಅದರದ್ದೇ ಅಲ್ವಾ?"

ಹೌದು, ಅದರದ್ದೇ. ಶಾಲೆಯ ಜಗಲಿಯಲ್ಲಿ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಚುಚ್ಚಿದ್ದ ಆ ದಿನದ ಗುರುತು ನನ್ನ ತೋಳಿನ ಮೇಲೆ ನಾಲ್ಕಾಣೆ ಬಿಲ್ಲೆಯಷ್ಟು ಅಗಲಕ್ಕೆ ಈಗಲೂ ಇದೆ. ಮಗಳಿಗೆ ಆ ಚುಚ್ಚು ಬೇಕಾಗಲಿಲ್ಲ. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭೂಮಿಯ ಮೇಲೆ ಸಿಡುಬು ಇಲ್ಲವಾಯಿತೆಂದು ಸಾರಿತು. ಸಿಡುಬನ್ನು ದೇವಿಯ ಸಿಟ್ಟೆಂದು ಹೆದರಿ ಬೇವಿನ ಸೊಪ್ಪು ಕಟ್ಟುತ್ತಿದ್ದ ಅಜ್ಜಿಯ ಮೊಮ್ಮಗ ನಾನು. ಆ ಭಯದ ಕೊನೆ ಎಲ್ಲಿಂದ ಶುರುವಾಯಿತೋ ಆ ಗಳಿಗೆಯನ್ನು ಒಬ್ಬ ಶಿಲ್ಪಿ ಕಣ್ಣೆದುರು ತಂದು ನಿಲ್ಲಿಸಿದ್ದ. ನನ್ನ ಕಣ್ಣು ಒದ್ದೆಯಾಯಿತು.

ಇತಿಹಾಸ ಶಿಲ್ಪಕ್ಕಿಂತ ಸ್ವಲ್ಪ ಬೇರೆ ದಾರಿಯಲ್ಲಿ ನಡೆದಿದೆ. 1796ರ ಮೇ 14ರಂದು ಜೆನ್ನರ್ ದನದ ಸಿಡುಬಿನ ಕೀವು ಹಾಕಿದ್ದು ತನ್ನ ತೋಟದ ಮಾಲಿಯ ಎಂಟು ವರ್ಷದ ಮಗ ಜೇಮ್ಸ್ ಫಿಪ್ಸ್‌ಗೆ. ಅದಕ್ಕೂ ಮೊದಲು, 1789ರಲ್ಲಿ, ತನ್ನ ಹಸುಗೂಸಿನ ಮೇಲೂ ಹಂದಿಸಿಡುಬಿನ ಪ್ರಯೋಗ ಮಾಡಿದ್ದ. ಮೊಂತೆವೆರ್ದೆ ಈ ಎರಡನ್ನೂ ಒಂದಾಗಿಸಿ, ವೈದ್ಯನನ್ನೂ ತಂದೆಯನ್ನೂ ಒಂದೇ ಮೈಯಲ್ಲಿ ಕೂರಿಸಿದ. ಹಾಗಾಗಿಯೇ ಆ ಮುಖದಲ್ಲಿ ವಿಜ್ಞಾನಿಯ ಗಮನವೂ ಇದೆ, ಅಪ್ಪನ ಅಳುಕೂ ಇದೆ.

ಅಲ್ಲಿ ನಿಂತಾಗ ಮೈಸೂರು ನೆನಪಾಗದೆ ಹೇಗಿದ್ದೀತು? ಜೆನ್ನರನ ಲಸಿಕೆ ಭಾರತ ಮುಟ್ಟಿದ್ದು 1802ರಲ್ಲಿ, ಮುಂಬಯಿಯಲ್ಲಿ. ಮೂರೇ ವರ್ಷಕ್ಕೆ, 1805ರಲ್ಲಿ, ಥಾಮಸ್ ಹಿಕಿ ಎಂಬ ಚಿತ್ರಕಾರ ಮೈಸೂರಿನ ಮೂವರು ರಾಜಸ್ತ್ರೀಯರ ಚಿತ್ರ ಬರೆದ. ಅವರಲ್ಲೊಬ್ಬಳು ಸೆರಗು ಸರಿಸಿ ತೋಳಿನತ್ತ ಬೆರಳು ಮಾಡಿದ್ದಾಳೆ. ಅವಳು ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ರಾಣಿ ದೇವಾಜಮ್ಮಣ್ಣಿ, ಲಸಿಕೆ ಹಾಕಿಸಿಕೊಂಡ ಜಾಗವನ್ನು ಪ್ರಜೆಗಳಿಗೆ ತೋರಿಸಿ ಧೈರ್ಯ ತುಂಬುತ್ತಿದ್ದಾಳೆ ಎಂಬುದು ಇತಿಹಾಸಕಾರ ನೈಜೆಲ್ ಚಾನ್ಸಲರ್ ಅವರ ವಾದ. ಮೈಸೂರಿನ ಚಿತ್ರದಲ್ಲೊಂದು ತೋಳು, ರೋಮಿನ ಶಿಲ್ಪದಲ್ಲೊಂದು ತೋಳು, ನನ್ನದೊಂದು. ಮೂರಕ್ಕೂ ಒಂದೇ ಕಥೆ.

"ಈ ಮೊಂತೆವೆರ್ದೆ ಯಾವೂರಿನವನು?" ಎಂದೆ. ಮಗಳು ಫೋನಿನಲ್ಲಿ ಹುಡುಕಿ, "ಜಿನೋವಾ ಕಡೆಯವನು. ಅವನ ದೊಡ್ಡ ಕೆಲಸ ಅಲ್ಲಿನ ಸ್ಮಶಾನದಲ್ಲಿದೆಯಂತೆ" ಎಂದಳು. ವೆನಿಸ್ಸಿಗೆ ಹೋಗಬೇಕೆಂದು ಹಾಕಿಕೊಂಡಿದ್ದ ಯೋಜನೆ ಅಲ್ಲೇ ಬದಲಾಯಿತು.

ಸಂಜೆ ಪಿಯಾತ್ಸಾ ವೆನೇತ್ಸಿಯಾ ಚೌಕದಲ್ಲಿ ಮತ್ತೊಂದು ಅಚ್ಚರಿ ಕಾದಿತ್ತು. 1911ರಲ್ಲಿ ಉದ್ಘಾಟನೆಯಾದ ವಿತ್ತೊರಿಯಾನೊ ಎಂಬ ಬೃಹತ್ ಬಿಳಿ ಸ್ಮಾರಕದ ಮೆಟ್ಟಿಲ ಬುಡದಲ್ಲಿ ಚಿನ್ನದ ಮುಲಾಮಿನ ಎರಡು ಕಂಚಿನ ಶಿಲ್ಪಗಳಿವೆ. ಒಂದರ ಹೆಸರು 'ಚಿಂತನೆ', ಇನ್ನೊಂದರದ್ದು 'ಕ್ರಿಯೆ'. 'ಕ್ರಿಯೆ'ಯನ್ನು ಮಾಡಿದವನು ಫ್ರಾಂಚೆಸ್ಕೊ ಯೆರಾಚೆ. 'ಚಿಂತನೆ'ಯನ್ನು ಮಾಡಿದವನು ನಮ್ಮ ಮೊಂತೆವೆರ್ದೆಯೇ. ಆ ದಿನ ಅದನ್ನು ಬರೀ ಕಾಕತಾಳೀಯ ಅಂದುಕೊಂಡೆ. ಎರಡು ದಿನ ಕಳೆದ ಮೇಲೆ, ಕ್ರಿಯೆಗೂ ಮುಂಚಿನ ಗಳಿಗೆಯೇ ಈ ಮನುಷ್ಯನ ಪಾಲಿಗೆ ಬಂದಿತ್ತು ಅನ್ನಿಸಿತು.

ರೋಮಿನಿಂದ ಜಿನೋವಾಕ್ಕೆ ರೈಲು ಸಮುದ್ರದ ದಂಡೆಗುಂಟ ಸಾಗುತ್ತದೆ. ಪೀಸಾ ದಾಟಿದ ಮೇಲೆ ಬಲಗಡೆ ಬೆಟ್ಟದ ಸಾಲು ಏಳುತ್ತದೆ. ನೆತ್ತಿಯ ಮೇಲೆಲ್ಲ ಬೆಳ್ಳಗೆ ಹೊಳೆಯುವುದು ಕಂಡು ಹಿಮ ಅಂದುಕೊಂಡೆ. ಹಿಮವಲ್ಲ, ಕರ್ರಾರಾದ ಅಮೃತಶಿಲೆ. ರೋಮನ್ನರ ಕಾಲದಿಂದ ಬಗೆದೂ ಬಗೆದೂ ಬೆಟ್ಟಗಳ ಮಗ್ಗುಲೇ ಸೀಳಿಹೋಗಿದೆ. ಮೈಕೆಲಾಂಜೆಲೊ ಕಲ್ಲು ಆರಿಸಲು ಹತ್ತಿದ್ದು ಇದೇ ಬೆಟ್ಟ. ಮುನ್ನೂರು ವರ್ಷಗಳಾಚೆ ಮೊಂತೆವೆರ್ದೆಯ ಕಾಲದ ಜಿನೋವಾಕ್ಕೆ ಕಲ್ಲು ಕೊಟ್ಟಿದ್ದೂ ಇದೇ. ಕಿಟಕಿಗೆ ಹಣೆ ಹಚ್ಚಿ, ಅದು ಮರೆಯಾಗುವ ತನಕ ನೋಡುತ್ತಲೇ ಇದ್ದೆ.

ಜಿನೋವಾ ನಿಂತ ಊರಲ್ಲ, ಹತ್ತುವ ಊರು. ಬಂದರಿನಿಂದ ನೇರ ಬೆಟ್ಟಕ್ಕೇರುವ ಮನೆಗಳು, ಇಬ್ಬರು ಎದುರಾದರೆ ಮೈ ತಿರುಗಿಸಬೇಕಾದ ಓಣಿಗಳು. ಎತ್ತರದ ಬೀದಿಗಳಿಗೆ ಸಿಟಿ ಬಸ್ಸಿನ ಹಾಗೆ ಸಾರ್ವಜನಿಕ ಲಿಫ್ಟುಗಳಿವೆ. ದಾಲ್ಬೆರ್ತಿಸ್ ಕೋಟೆಮನೆಗೆ ಹೋಗುವ ಲಿಫ್ಟು ನನ್ನನ್ನು ಬೆಕ್ಕಸ ಬೆರಗಾಗಿಸಿತು. ಒಳಗೆ ಕೂತರೆ ಅದು ಮೊದಲು ರೈಲಿನ ಹಾಗೆ ಬೆಟ್ಟದ ಹೊಟ್ಟೆಯೊಳಕ್ಕೆ ಅಡ್ಡಲಾಗಿ ಓಡಿತು. ಆಮೇಲೆ ನಿಂತು, ಹಾಗೇ ಮೇಲಕ್ಕೆದ್ದಿತು. ಬಾಗಿಲು ತೆರೆದಾಗ ನಾವು ಊರಿನ ಮೇಲಿದ್ದೆವು, ಕೆಳಗೆ ನೀಲಿ ಸಮುದ್ರವಿತ್ತು.

ಈ ಕೋಟೆಮನೆಯನ್ನು ಕಟ್ಟಿಸಿದವನು ಎನ್ರಿಕೊ ಆಲ್ಬೆರ್ತೊ ದಾಲ್ಬೆರ್ತಿಸ್ ಎಂಬ ನಾವಿಕ. 1886ರಿಂದ 1892ರವರೆಗೆ ಕೆಲಸ ನಡೆಯಿತು. ಈಗ ಇದು ಜಗತ್ತಿನ ಸಂಸ್ಕೃತಿಗಳ ಸಂಗ್ರಹಾಲಯ. ಆದರೆ ನಾವು ಬಂದದ್ದು ಅದರ ಮೇಲಂಗಳದಲ್ಲಿ ಕುಳಿತ ಒಬ್ಬ ಹುಡುಗನನ್ನು ನೋಡಲು. ಮೊಂತೆವೆರ್ದೆಯ 'ಬಾಲಕ ಕೊಲಂಬಸ್', 1870ರ ಕೃತಿ. ಆ ವರ್ಷ ಪಾರ್ಮಾದ ಪ್ರದರ್ಶನದಲ್ಲಿ ಚಿನ್ನದ ಪದಕ ಪಡೆದು ಶಿಲ್ಪಿಯ ಹೆಸರನ್ನು ಇಟಲಿಗೆಲ್ಲ ಸಾರಿದ ಹುಡುಗ ಇವನು. ಇವನದೊಂದು ಪ್ರತಿ ಅಮೆರಿಕದ ಬಾಸ್ಟನ್ನಿನ ಲಲಿತಕಲಾ ಸಂಗ್ರಹಾಲಯದಲ್ಲೂ ಇದೆ.

ಹಡಗುಕಟ್ಟೆಯ ಮೇಲೆ ಕೂತಿದ್ದಾನೆ. ಕೈಯಲ್ಲಿ ಪುಸ್ತಕವಿದೆ, ಕಣ್ಣು ಅದರಲ್ಲಿಲ್ಲ. ಓದುತ್ತ ಓದುತ್ತ ಏನೋ ಹೊಳೆದಿದೆ, ನೋಟ ನೀರಿನ ಕಡೆ ಹರಿದಿದೆ. ಮುಂದೆ ಕೊಲಂಬಸನ ಹಡಗುಗಳು ಹೊಸ ಖಂಡಕ್ಕೆ ಏನು ಕೊಟ್ಟವು, ಅಲ್ಲಿನ ಜನರಿಂದ ಏನೆಲ್ಲ ಕಿತ್ತುಕೊಂಡವು ಎಂಬುದು ದೊಡ್ಡ, ನೋವಿನ ಕಥೆ. ಈ ಹುಡುಗನಿಗೆ ಅದೊಂದೂ ಗೊತ್ತಿಲ್ಲ. ಇವನು ಇನ್ನೂ ದಡ ಬಿಟ್ಟಿಲ್ಲ. ನಿಜವಾದ ಸಮುದ್ರದ ಗಾಳಿ ಕಲ್ಲಿನ ಹುಡುಗನ ಮುಖಕ್ಕೆ ಬೀಸುತ್ತಿತ್ತು. ಜಿನೋವಾದ ನೆಲದಲ್ಲಿ, ಜಿನೋವಾದ ಕಡಲಿಗೆ ಎದುರಾಗಿ ಅವನನ್ನು ನೋಡುವುದಿದೆಯಲ್ಲ, ಅದು ಯಾವ ಮ್ಯೂಸಿಯಮ್ಮಿನ ಒಳಗೂ ಸಿಗದ ಭಾಗ್ಯ.

ಮರುದಿನ ಬೆಳಿಗ್ಗೆ 34ನೇ ನಂಬರಿನ ಬಸ್ಸು ಹತ್ತಿದೆವು. ಕೊನೆಯ ನಿಲ್ದಾಣ ಸ್ತಾಲ್ಯೆನೊ. ಬಿಸಾನ್ಯೊ ನದಿಯ ಕಣಿವೆಯಲ್ಲಿರುವ ಸ್ಮಶಾನ. ಹೂವು ಹಿಡಿದ ಅಜ್ಜಿಯರು ನಮ್ಮ ಜೊತೆಗೇ ಇಳಿದರು. ಸ್ಮಶಾನಕ್ಕೆ ಕಾಲಿಡುವಾಗ ನಮ್ಮ ಕಡೆಯವರಿಗೆ ಮನಸ್ಸಿನೊಳಗೆ ಏನೋ ಅಳುಕು. ಊರಿಗೆ ಮರಳಿ ಸ್ನಾನ ಮಾಡುವ ತನಕ ಬಿಡದ ಅಳುಕು ಅದು. ಬಾಗಿಲು ದಾಟಿದ ಹತ್ತು ಹೆಜ್ಜೆಗೆ ಅದು ಎಲ್ಲಿ ಹೋಯಿತೋ.

ಒಳಗೆ ಒಂದು ಬಯಲು, ಸುತ್ತ ನಾಲ್ಕೂ ಕಡೆ ಕಮಾನುಗಳ ಉದ್ದುದ್ದ ಪಡಸಾಲೆ, ಆ ಪಡಸಾಲೆಗಳ ತುಂಬ ಜನ. ಎಲ್ಲರೂ ಕಲ್ಲಿನವರು. ಮೊಣಕಾಲೂರಿ ಅಳುವ ಹೆಂಡತಿ, ಅಪ್ಪನ ಕಡೆ ಕೈಚಾಚಿದ ಮಗು, ಟೋಪಿ ಕೈಯಲ್ಲಿ ಹಿಡಿದು ನಿಂತ ಮಗ. ಕಾರ್ಲೊ ಬರಬೀನೊ ಈ ಸ್ಮಶಾನದ ನಕ್ಷೆ ಹಾಕಿದ. 1835ರಲ್ಲಿ ಕಾಲರಾ ಬಂದು ಅವನನ್ನೇ ಒಯ್ದಿತು. ಶಿಷ್ಯ ಜೊವಾನ್ನಿ ಬತ್ತೀಸ್ತಾ ರೆಸಾಸ್ಕೊ ಅದನ್ನು ಪೂರ್ತಿ ಮಾಡಿದ. 1851ರ ಜನವರಿಯಲ್ಲಿ ಸ್ಮಶಾನ ತೆರೆಯಿತು. 1867ರಲ್ಲಿ ಅಮೆರಿಕದ ಲೇಖಕ ಮಾರ್ಕ್ ಟ್ವೇನ್ ಇಲ್ಲಿಗೆ ಬಂದು, ಕಂಡು ಬೆರಗಾಗಿ ಬರೆದ. ನಡುವಿನ ಬಯಲಲ್ಲಿ ಆಳೆತ್ತರವನ್ನು ಎಷ್ಟೋ ಪಟ್ಟು ಮೀರಿ ನಿಂತ 'ಶ್ರದ್ಧೆ'ಯ ಮೂರ್ತಿ ಸಾಂತೊ ವಾರ್ನಿಯದು. ಮೊಂತೆವೆರ್ದೆಯ ಗುರು ಇವನೇ.

ಗುರುವಿನ ಮೂರ್ತಿಯ ನೆರಳಲ್ಲಿ ಕೂತು ಮಗಳು ಶಿಷ್ಯನ ಕಥೆ ಹೇಳಿದಳು. 1837ರ ಅಕ್ಟೋಬರ್ 8ರಂದು ಪಿಯೆಮೊಂತೆ ಸೀಮೆಯ ಬಿಸ್ತಾನ್ಯೊ ಎಂಬ ಹಳ್ಳಿಯ ಬಡ ಮನೆಯಲ್ಲಿ ಹುಟ್ಟು. ಕಸಾಲೆ ಮೊನ್ಫೆರ್ರಾತೊದಲ್ಲಿ ಮರ ಕೆತ್ತುವವರ ಬಳಿ ಕೆಲಸ ಕಲಿಕೆ. ಆಮೇಲೆ ಜಿನೋವಾ. ಹಗಲು ಮರ ಕೆತ್ತಿ ಹೊಟ್ಟೆ ಹೊರೆಯುತ್ತಲೇ ಲಿಗುಸ್ತಿಕಾ ಅಕಾಡೆಮಿಯಲ್ಲಿ ಪಾಠ. 1865ರಲ್ಲಿ ರೋಮಿನಲ್ಲಿ ಮೂರು ವರ್ಷ ಇದ್ದು ಕಲಿಯಲು ವಿದ್ಯಾರ್ಥಿವೇತನ. ಐದು ವರ್ಷಕ್ಕೆ ಬಾಲಕ ಕೊಲಂಬಸ್, ಎಂಟು ವರ್ಷಕ್ಕೆ ವಿಯೆನ್ನಾದ ವಿಶ್ವ ಪ್ರದರ್ಶನದಲ್ಲಿ ಜೆನ್ನರ್. ಮುಂದೆ ಬ್ಯೂನಸ್ ಐರಿಸ್‌ಗೆ ಇಟಲಿಯ ದೇಶಭಕ್ತ ಮಾತ್ಸೀನಿ, ಕತಾನಿಯಾ ಊರಿಗೆ ಸಂಗೀತಗಾರ ಬೆಲ್ಲೀನಿ, ಬೊಲೊನ್ಯಾಕ್ಕೆ ಕುದುರೆಯೇರಿದ ರಾಜ ವಿತ್ತೊರಿಯೊ ಎಮಾನುವೆಲೆ. 1889ರಲ್ಲಿ ಇಟಲಿಯ ಸೆನೆಟ್ಟಿನ ಸದಸ್ಯ. ಅರ್ಜೆಂಟೀನಾದಿಂದ ರೋಮಿಗೆ ಕಲಿಯಲು ಬಂದ ಲೋಲಾ ಮೋರಾ ಎಂಬ ಹೆಣ್ಣುಮಗಳಿಗೆ ಶಿಲ್ಪ ಕಲಿಸಿದ ಗುರುವೂ ಇವನೇ. ಗಂಡಸರ ಕಸುಬೆಂದು ಎಲ್ಲರೂ ತಿಳಿದಿದ್ದ ಕಾಲದಲ್ಲಿ ಅವಳು ಚಾಣ ಹಿಡಿದು, 1903ರಲ್ಲಿ ಬ್ಯೂನಸ್ ಐರಿಸ್ಸಿನಲ್ಲಿ ಜಲಕನ್ಯೆಯರ ಕಾರಂಜಿಯನ್ನು ನಿಲ್ಲಿಸಿದಳು.

ಮೊಂತೆವೆರ್ದೆಯ ಆ ದೊಡ್ಡ ಕೆಲಸದ ಕಡೆಗೆ ಹೋಗುವ ದಾರಿಯಲ್ಲಿ ಕೆಳಗಿನ ಪಡಸಾಲೆಯಲ್ಲಿ ಒಬ್ಬ ಮುದುಕಿ ನಮ್ಮನ್ನು ತಡೆದು ನಿಲ್ಲಿಸಿದಳು. ಕತೆರೀನಾ ಕಂಪೊದೊನಿಕೊ. ಜಾತ್ರೆ ಜಾತ್ರೆ ಸುತ್ತಿ ದಾರಕ್ಕೆ ಪೋಣಿಸಿದ ಕಾಯಿಬೀಜದ ಸರ, ಬಳೆಯಾಕಾರದ ರೊಟ್ಟಿ ಮಾರುತ್ತಿದ್ದವಳು. ಸಿರಿವಂತರು ಮಾತ್ರ ಶಿಲ್ಪ ನಿಲ್ಲಿಸಿಕೊಳ್ಳುತ್ತಿದ್ದ ಈ ಜಾಗದಲ್ಲಿ ತನ್ನದೂ ಇರಲಿ ಎಂದು ಕಾಸಿಗೆ ಕಾಸು ಕೂಡಿಟ್ಟು, ಲೊರೆಂಜೊ ಒರೆಂಗೊ ಎಂಬ ಹೆಸರುವಾಸಿ ಶಿಲ್ಪಿಯಿಂದ 1881ರಲ್ಲಿ ತನ್ನ ಮೂರ್ತಿ ಮಾಡಿಸಿದಳು. ಬದುಕಿದ್ದಾಗಲೇ ಅದನ್ನು ನೋಡಿ ಹೋದಳು. ಕೈಯಲ್ಲಿ ಅದೇ ಸರ, ಅದೇ ರೊಟ್ಟಿ. ಶಾಲಿನ ಅಂಚಿನ ಕುಚ್ಚು, ರವಿಕೆಯ ಕಸೂತಿ, ದುಡಿದ ಬೆರಳ ಗಂಟು, ಒಂದೂ ಬಿಟ್ಟುಹೋಗಿಲ್ಲ. ಮಾರಿ ಬದುಕಿದ ಸರಕನ್ನೇ ಎದೆಯ ಮುಂದೆ ಹಿಡಿದು ಬ್ಯಾಂಕಿನವರ, ಹಡಗಿನವರ ನಡುವೆ ತಲೆಯೆತ್ತಿ ನಿಂತಿದ್ದಾಳೆ. ಮನಸ್ಸಿನಲ್ಲೇ ಕೈಮುಗಿದೆ.

ಮೆಟ್ಟಿಲೇರಿ ಮೇಲಿನ ಪಡಸಾಲೆಗೆ ಹೋದೆವು. ಪಡುವಣ ಮಗ್ಗುಲು. ಅಲ್ಲಿದ್ದಾಳೆ. ಅಲ್ಲ, ಇದ್ದಾನೆ. ಅಲ್ಲ, ಹೆಣ್ಣೋ ಗಂಡೋ ಹೇಳಲಾಗದ ಒಂದು ರೂಪ ಅಲ್ಲಿದೆ. ಬ್ಯಾಂಕೊಂದರ ಅಧ್ಯಕ್ಷನಾಗಿದ್ದ ಫ್ರಾಂಚೆಸ್ಕೊ ಒನೆತೊ ಎಂಬಾತನ ಮನೆತನದ ಸಮಾಧಿಗೆ 1882ರಲ್ಲಿ ಮೊಂತೆವೆರ್ದೆ ಮಾಡಿದ ದೇವದೂತ.

ಸಮಾಧಿಗಳ ದೇವದೂತರು ಸಾಮಾನ್ಯವಾಗಿ ಅಳುತ್ತಾರೆ, ಇಲ್ಲವೇ ಆಕಾಶಕ್ಕೆ ಬೆರಳು ತೋರಿಸುತ್ತಾರೆ. ಇದು ಎರಡನ್ನೂ ಮಾಡುವುದಿಲ್ಲ. ಎದೆಯ ಮೇಲೆ ತೋಳುಗಳನ್ನು ಅಡ್ಡ ಇಟ್ಟುಕೊಂಡು ಸುಮ್ಮನೆ ನಿಂತಿದೆ. ದೊಡ್ಡ ರೆಕ್ಕೆಗಳು ಮಡಚಿ ಕೆಳಗಿಳಿದಿವೆ. ತೆಳ್ಳನೆಯ ಉಡುಪು ಒದ್ದೆ ರೇಷ್ಮೆಯ ಹಾಗೆ ಮೈಗಂಟಿ ಇಳಿದಿದೆ. ಕೈಯಲ್ಲೊಂದು ಉದ್ದನೆಯ ಕಹಳೆ. ಕ್ರೈಸ್ತರ ನಂಬಿಕೆಯಂತೆ ಕಡೆಯ ದಿನ ಆ ಕಹಳೆ ಮೊಳಗಿದರೆ ಸತ್ತವರೆಲ್ಲ ಎದ್ದು ಬರಬೇಕು. ಆದರೆ ಅದು ತುಟಿಯ ಹತ್ತಿರ ಇಲ್ಲ, ಕೆಳಗೆ ಇಳಿಬಿದ್ದಿದೆ. ಕಣ್ಣುಗಳು ಮಾತ್ರ ನಮ್ಮ ಕಡೆಗೋ ನಮ್ಮನ್ನು ಹಾದು ಇನ್ನೆಲ್ಲಿಗೋ ನೆಟ್ಟಿವೆ. ಸಾಂತ್ವನವಿಲ್ಲ, ಬೆದರಿಕೆಯೂ ಇಲ್ಲ.

"ಅಪ್ಪ, ಇದು ಊದುತ್ತೋ ಇಲ್ವೋ?" ಮಗಳು ಪಿಸುಗುಟ್ಟಿದಳು.

ನನ್ನ ಮೈ ಜುಮ್ಮೆಂದದ್ದು ಆಗ. ಜೆನ್ನರನ ಕತ್ತಿ ಇನ್ನೂ ತಾಗಿಲ್ಲ. ಕೊಲಂಬಸನ ಹಡಗು ಇನ್ನೂ ಹೊರಟಿಲ್ಲ. ಈ ಕಹಳೆ ಇನ್ನೂ ಊದಿಲ್ಲ. ಮೂರೂ ಕಡೆ ಶಿಲ್ಪಿ ಆರಿಸಿಕೊಂಡದ್ದು ಆಗಬೇಕಾದ್ದು ಆಗುವುದಕ್ಕೆ ಒಂದು ಗಳಿಗೆ ಮುಂಚಿನ ಹೊತ್ತನ್ನು. ಬೇರೆ ಯಾರಾದರೂ ಗೆದ್ದ ವಿಜ್ಞಾನಿಯನ್ನು, ದಡ ಮುಟ್ಟಿದ ನಾವಿಕನನ್ನು, ಕಹಳೆ ಮೊಳಗಿಸುವ ದೂತನನ್ನು ಮಾಡುತ್ತಿದ್ದರು. ಇವನು ಕಾಯುವಿಕೆಯನ್ನು ಕೆತ್ತಿದ. ಕಲ್ಲಿಗೆ ಅದಕ್ಕಿಂತ ಒಪ್ಪುವ ವಸ್ತು ಯಾವುದಿದ್ದೀತು? ಕಲ್ಲು ಎಷ್ಟು ಹೊತ್ತಾದರೂ ಕಾಯಬಲ್ಲದು.

ಈ ದೇವದೂತನ ನಕಲುಗಳು ಯುರೋಪು, ಅಮೆರಿಕಗಳ ಎಷ್ಟೋ ಸ್ಮಶಾನಗಳಲ್ಲಿವೆ. ಮಕ್ಕಳನ್ನು, ಗಂಡಂದಿರನ್ನು ಕಳೆದುಕೊಂಡ ಮನೆಗಳು ಇಂಥದ್ದೇ ಬೇಕೆಂದು ಕೇಳಿ ಮಾಡಿಸಿಕೊಂಡವು. ಉತ್ತರ ಕೊಡದ ಈ ಮುಖವೇ ಅವರಿಗೆ ಬೇಕಾಗಿತ್ತು ಎಂಬುದನ್ನು ಯೋಚಿಸಿದರೆ ಗಂಟಲು ಕಟ್ಟುತ್ತದೆ. ದುಃಖದಲ್ಲಿರುವವರಿಗೆ ಸಿದ್ಧ ಉತ್ತರಗಳು ಬೇಕಿರುವುದಿಲ್ಲ. ಜೊತೆಯಲ್ಲಿ ನಿಲ್ಲುವವರು ಬೇಕು.

ಹನ್ನೊಂದು ವರ್ಷದ ಮೇಲೆ, 1893ರಲ್ಲಿ, ಅದೇ ಶಿಲ್ಪಿ ಅದೇ ಸ್ಮಶಾನದಲ್ಲಿ ಚೆಲ್ಲೆ ಮನೆತನಕ್ಕೆ ಮಾಡಿದ 'ಅನಂತ ನಾಟಕ'ವನ್ನೂ ನೋಡಿದೆವು. ಮುಸುಕು ಹೊದ್ದ ಅಸ್ಥಿಪಂಜರವೊಂದು ಹರೆಯದ ಹೆಣ್ಣನ್ನು ಹಿಡಿದಿದೆ, ಅವಳು ಬಿಡಿಸಿಕೊಳ್ಳಲು ತಿರುಚಿಕೊಳ್ಳುತ್ತಿದ್ದಾಳೆ. ಅದರ ಮುಂದೆ ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ. ವಾಪಸ್ಸು ದೇವದೂತನ ಬಳಿಗೇ ಬಂದೆವು.

ಕೊನೆಯ ದಿನ ಆಕ್ವಿ ತೆರ್ಮೆಯ ರೈಲು ಹಿಡಿದು, ಅಲ್ಲಿಂದ ಬೋರ್ಮಿದಾ ನದಿಯ ಕಣಿವೆಯಲ್ಲಿ ಮೇಲಕ್ಕೆ, ಅವನ ಹುಟ್ಟೂರು ಬಿಸ್ತಾನ್ಯೊಗೆ ಹೋದೆವು. ದ್ರಾಕ್ಷಿ ತೋಟಗಳ ನಡುವಿನ ಸಣ್ಣ ಊರು. ಅಲ್ಲೊಂದು ಜಿಪ್ಸೊತೇಕಾ ಇದೆ. ಹಾಗೆಂದರೆ ಪ್ಲಾಸ್ಟರ್ ಮೂಲಗಳ ಮನೆ. ಜಗತ್ತಿನ ದೊಡ್ಡ ದೊಡ್ಡ ಚೌಕಗಳಿಗೆ ಶಿಲ್ಪ ಕಳಿಸಿದವನ ಕೆಲಸದ ಮೊದಲ ರೂಪಗಳನ್ನು ಅವನ ಹಳ್ಳಿ ಕಾಪಿಟ್ಟುಕೊಂಡಿದೆ.

ಈ ಪ್ಲಾಸ್ಟರುಗಳನ್ನು ನೋಡದೆ ಆ ಕಾಲದ ಶಿಲ್ಪದ ಕೆಲಸ ಅರ್ಥವಾಗುವುದಿಲ್ಲ. ಶಿಲ್ಪಿ ಮೊದಲು ಒದ್ದೆ ಜೇಡಿಮಣ್ಣಿನಲ್ಲಿ ರೂಪ ಕಟ್ಟುತ್ತಾನೆ. ಅವನ ಬೆರಳು ನೇರವಾಗಿ ತಾಗುವುದು ಇದಕ್ಕೇ. ಮಣ್ಣು ಒಣಗಿ ಬಿರಿಯುವ ಮುನ್ನ ಅಚ್ಚು ತೆಗೆದು ಪ್ಲಾಸ್ಟರ್ ಹೊಯ್ಯುತ್ತಾರೆ. ಪ್ಲಾಸ್ಟರಿನ ಮೇಲೆ ಮೂಗಿನ ತುದಿ, ಭುಜದ ಏರು, ಮಡಿಕೆಯ ಆಳ ಹೀಗೆ ಅಲ್ಲಲ್ಲಿ ಬಿಂದುಗಳನ್ನು ಗುರುತಿಸುತ್ತಾರೆ. ಸೂಜಿಯುಳ್ಳ ಒಂದು ಚೌಕಟ್ಟಿನಿಂದ ಪ್ರತಿ ಬಿಂದುವಿನ ಆಳವನ್ನು ಅಳೆದು, ಅದೇ ಅಳತೆಗೆ ಕರ್ರಾರಾದ ಕಲ್ಲಿನಲ್ಲಿ ಬೈರಿಗೆ ಇಳಿಸುತ್ತಾರೆ. ನಡುವೆ ಉಳಿದದ್ದನ್ನು ಕೆಲಸಗಾರರು ಚೂಪು ಚಾಣದಿಂದ, ಆಮೇಲೆ ಹಲ್ಲುಚಾಣದಿಂದ ತೆಗೆಯುತ್ತಾರೆ. ಕಡೆಗೆ ಅರ ಹಿಡಿದು ಉಜ್ಜಿ, ನಯ ಮಾಡಿ, ಚರ್ಮಕ್ಕೆ ಚರ್ಮದ ಹೊಳಪು, ಬಟ್ಟೆಗೆ ಬಟ್ಟೆಯ ಹೊಳಪು ಬರಿಸುತ್ತಾರೆ. ಒಂದು ದೇವದೂತನ ಹಿಂದೆ ಹೆಸರು ಉಳಿಯದ ಎಷ್ಟು ಕೈಗಳು!

ಇಪ್ಪತ್ತನೆಯ ಶತಮಾನದ ವಿಮರ್ಶಕರು ಇಂಥ ಶಿಲ್ಪವನ್ನು 'ಅಕಾಡೆಮಿಕ್' ಎಂದು ಕರೆದು ಬದಿಗಿಟ್ಟರು. ಅಕಾಡೆಮಿಯಲ್ಲಿ ಕಲಿತದ್ದು ಅಂದರೆ ಕಲಿಸಿದ್ದನ್ನೇ ಒಪ್ಪಿಸುವುದು, ಹೊಸತಿಲ್ಲದ್ದು ಎಂಬ ಅರ್ಥದಲ್ಲಿ. ಬಿಸ್ತಾನ್ಯೊದ ಆ ಬಿಳಿ ಮಂದಿಯ ನಡುವೆ ನಿಂತು ನನಗೆ ಆ ಮಾತನ್ನು ಒಪ್ಪಲಾಗಲಿಲ್ಲ. ಮರ ಕೆತ್ತುವ ಬಡ ಹುಡುಗ ವರ್ಷಗಟ್ಟಲೆ ಹಳೆಯ ಮೂರ್ತಿಗಳನ್ನು ನೋಡಿ ಬರೆದ, ಮೂಳೆ ಸ್ನಾಯು ಕಲಿತ, ಬಟ್ಟೆ ಹೇಗೆ ಬೀಳುತ್ತದೆಂದು ಕಲಿತ. ಆ ಶಿಸ್ತು ಅವನ ಕೈಯನ್ನು ಕಟ್ಟಿಹಾಕಲಿಲ್ಲ. ಅದರಿಂದಲೇ ಕೈ ಎಷ್ಟು ಪಳಗಿತೆಂದರೆ, ಕತ್ತಿ ತಾಗುವ ಮುಂಚಿನ ಉಸಿರನ್ನು ಹಿಡಿಯಬಲ್ಲದಾಯಿತು. ಕಲಿತದ್ದನ್ನು ಪೂರ್ತಿ ಅರಗಿಸಿಕೊಂಡವನಿಗೆ ಮಾತ್ರ ಅದು ಸಾಧ್ಯ.

ಮೊಂತೆವೆರ್ದೆ ತೀರಿಕೊಂಡದ್ದು 1917ರ ಅಕ್ಟೋಬರಿನಲ್ಲಿ, ರೋಮಿನಲ್ಲಿ. ಹೊರಗೆ ಮೊದಲ ಮಹಾಯುದ್ಧ ನಡೆಯುತ್ತಿತ್ತು. ಎಂಬತ್ತು ತುಂಬಲು ಕೆಲವೇ ದಿನ ಉಳಿದಿದ್ದವು.

ಇಟಲಿಗೆ ಹೋಗುವ ನಮ್ಮವರು ರೋಮ್, ಫ್ಲಾರೆನ್ಸ್, ವೆನಿಸ್ ಸುತ್ತಿ ಮರಳುತ್ತಾರೆ. ಜಿನೋವಾಕ್ಕೆ ಹೋದವರೂ ಬಂದರು ನೋಡಿ ಮುಗಿಸುತ್ತಾರೆ. ನನ್ನದೊಂದು ಕೋರಿಕೆ ಇದೆ. ಅಲ್ಲಿ ಒಂದು ಅರ್ಧ ದಿನ ಉಳಿಸಿಕೊಳ್ಳಿ. ಹೂವು ಹಿಡಿದ ಅಜ್ಜಿಯರು ಹತ್ತುವ ಆ ಬಸ್ಸು ಹತ್ತಿ. ಕೆಳಗಿನ ಪಡಸಾಲೆಯಲ್ಲಿ ಕಾಯಿಬೀಜ ಮಾರುವ ಕತೆರೀನಾಳಿಗೆ ನಮಸ್ಕಾರ ಹೇಳಿ, ಮೆಟ್ಟಿಲೇರಿ, ಕಹಳೆ ಹಿಡಿದ ದೇವದೂತನ ಮುಂದೆ ನಿಲ್ಲಿ. ಫೋಟೊ ಆಮೇಲೆ ತೆಗೆದರಾಯಿತು. ಮೊದಲು ನಿಮ್ಮ ಮನೆಯಿಂದ ಹೋದವರನ್ನು ನೆನೆದುಕೊಂಡು ಸ್ವಲ್ಪ ಹೊತ್ತು ಸುಮ್ಮನಿರಿ.